ವಯಸ್ಸಾದ ನಾಯಿಯ ಮೈಮೇಲೆ ಗಂಟು ಅಥವಾ ವಾಸಿಯಾಗದ ಗಾಯ: ನೋಡುವುದು ಹೇಗೆ, ಮಾಡುವುದೇನು

ನಾಯಿಗೆ ಎಂಟು ಒಂಬತ್ತು ವರ್ಷ ದಾಟಿತೆಂದರೆ ಮೈ ಸವರುವಾಗ ಎಲ್ಲೋ ಒಂದು ಗಂಟು ಕೈಗೆ ತಾಗುವುದು ಸಾಮಾನ್ಯ. ಇವುಗಳಲ್ಲಿ ಬಹಳಷ್ಟು ಏನೂ ಮಾಡದೆ ಇದ್ದಲ್ಲೇ ಇರುತ್ತವೆ. ಆದರೆ ಯಾವುದು ಸುಮ್ಮನಿರುತ್ತದೆ, ಯಾವುದು ಪ್ರಾಣಕ್ಕೆ ಎರವಾಗುತ್ತದೆ ಎಂಬುದು ಬೆರಳಿಗೆ ತಿಳಿಯುವುದಿಲ್ಲ. ಮೆತ್ತಗಿದೆ, ಚರ್ಮದ ಕೆಳಗೆ ಜಾರಾಡುತ್ತದೆ, ಆದ್ದರಿಂದ ಬರೀ ಕೊಬ್ಬಿನ ಗಂಟು ಎಂದುಕೊಳ್ಳುತ್ತೇವೆ. ಮಾಸ್ಟ್ ಸೆಲ್ ಟ್ಯೂಮರ್ ಎಂಬ ಚರ್ಮದ ಕ್ಯಾನ್ಸರ್ ಕೂಡ ಅಷ್ಟೇ ಮೆತ್ತಗಿರಬಹುದು, ಅಷ್ಟೇ ಜಾರಾಡಬಹುದು. ಪಳಗಿದ ಪಶುವೈದ್ಯರೂ ಬರೀ ಮುಟ್ಟಿ ಖಚಿತವಾಗಿ ಹೇಳಲಾರರು. ಗಾಯದ ವಿಷಯವೂ ಹೀಗೆಯೇ. ಸರಿಯಾಗಿ ಆರೈಕೆ ಮಾಡಿಯೂ ಎರಡು ವಾರದಲ್ಲಿ ಮುಚ್ಚಿಕೊಳ್ಳುವ ಲಕ್ಷಣ ಕಾಣದಿದ್ದರೆ ಮುಲಾಮು ಬದಲಿಸುತ್ತ ಕೂರಬಾರದು. ಅದರ ಅಡಿಯಲ್ಲಿ ಏನಿದೆ ಎಂದು ಹುಡುಕಬೇಕು.

ಮನೆಯಲ್ಲಿ ನಿಮ್ಮಿಂದ ಆಗುವ ಕೆಲಸ ಮೂರು: ಸರಿಯಾಗಿ ನೋಡುವುದು, ಅಳೆದು ಬರೆದಿಡುವುದು, ಗಾಯ ಕೆಡದಂತೆ ಕಾಪಾಡುವುದು. ರೋಗ ಯಾವುದೆಂದು ತೀರ್ಮಾನಿಸುವುದು ಸೂಜಿ ಮತ್ತು ಸೂಕ್ಷ್ಮದರ್ಶಕದ ಕೆಲಸ.

ತಡಮಾಡದೆ ಹೊರಡಬೇಕಾದಾಗ

ಗಾಯದ ಮೇಲೆ ಶುಭ್ರ ಬಟ್ಟೆಯಿಟ್ಟು 10 ನಿಮಿಷ ಬಿಡದೆ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಒತ್ತಿಕೊಂಡೇ ಆಸ್ಪತ್ರೆಗೆ ಹೊರಡಿ. ನಡುನಡುವೆ ಬಟ್ಟೆ ಎತ್ತಿ ನೋಡಿದರೆ ಆಗಷ್ಟೇ ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನು ಇಡಿ. ಮುಖ ಅಥವಾ ಕಾಲು ಒಂದೆರಡು ಗಂಟೆಯಲ್ಲಿ ಉಬ್ಬಿ, ಮುಟ್ಟಿದರೆ ನಾಯಿ ಚೀರುವಂತಿದ್ದರೆ ಹಾವು ಅಥವಾ ಕಣಜ ಕಚ್ಚಿರಬಹುದು. ಗಂಟಲ ಬಳಿ ಊತವಿದ್ದು ಉಸಿರಾಟ ಕಷ್ಟವಾಗಿದ್ದರೆ, ಎದೆ ಅಥವಾ ಹೊಟ್ಟೆಗೆ ತೂತಿನಂಥ ಗಾಯವಾಗಿದ್ದರೆ ಒಂದು ಗಳಿಗೆಯೂ ಕಾಯಬೇಡಿ.

ಒಸಡು ನೋಡುವುದನ್ನು ರೂಢಿ ಮಾಡಿಕೊಳ್ಳಿ. ತಿಳಿ ಗುಲಾಬಿ ಬಣ್ಣವಿದ್ದು, ಬೆರಳಿನಿಂದ ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಒಸಡು ಬಿಳಿಚಿಕೊಂಡು, ನಾಯಿ ಇದ್ದಕ್ಕಿದ್ದಂತೆ ಕುಸಿದು, ಹೊಟ್ಟೆ ಉಬ್ಬಿದ್ದರೆ ಹೊಟ್ಟೆಯೊಳಗಿನ ಗುಲ್ಮದಲ್ಲಿ (ಸ್ಪ್ಲೀನ್) ಬೆಳೆದ ಗಡ್ಡೆ ಒಡೆದು ಒಳಗೇ ರಕ್ತ ಸೋರುತ್ತಿರಬಹುದು. ಹೊರಗಿನ ಗಂಟನ್ನು ಆಗ ಮರೆತುಬಿಡಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ ಆರೋಗ್ಯವಂತ ನಾಯಿಯ ಮೈ ಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಗಾಯ ಅಥವಾ ಊತದ ಜೊತೆ 103 ದಾಟಿದ್ದು, ಊಟ ಬಿಟ್ಟಿದ್ದರೆ ಅಂದೇ ತೋರಿಸಿ.

ಯಾರೂ ನೋಡದಾಗ ಆದ ಗಾಯದಲ್ಲಿ ಹಲ್ಲು ನಾಟಿದಂಥ ತೂತುಗಳಿದ್ದರೆ ರೇಬೀಸ್ ಸಾಧ್ಯತೆಯನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೈಗವಸು ಹಾಕಿಕೊಂಡು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಲಸಿಕೆ ಪುಸ್ತಕ ಹಿಡಿದುಕೊಂಡು ಅದೇ ದಿನ ವೈದ್ಯರಲ್ಲಿಗೆ ಹೋಗಿ, ಮರು ಲಸಿಕೆ ಬೇಕೇ ಎಂದು ಕೇಳಿ. ನಿಮ್ಮ ಕೈಮೇಲಿನ ಗೀರಿಗೆ ಆ ಗಾಯದ ರಸವೋ ಜೊಲ್ಲೋ ತಾಗಿದ್ದರೆ ನೀವೂ ಅಷ್ಟೇ ಹೊತ್ತು ತೊಳೆದುಕೊಂಡು ನಿಮ್ಮ ವೈದ್ಯರನ್ನು ಕಾಣಿ.

ನೋಡುವುದು, ಅಳೆಯುವುದು

ತಿಂಗಳಿಗೊಮ್ಮೆ, ನಾಯಿ ಸುಸ್ತಾಗಿ ಮಲಗಿರುವಾಗ, ಮೂಗಿನಿಂದ ಬಾಲದ ತುದಿವರೆಗೆ ಎರಡೂ ಅಂಗೈಯಲ್ಲಿ ಸವರಿ. ಎಡ ಬಲ ಒಟ್ಟೊಟ್ಟಿಗೆ ಸವರಿದರೆ ವ್ಯತ್ಯಾಸ ಬೇಗ ಸಿಗುತ್ತದೆ. ಕೈ ತಪ್ಪಿಸಿಕೊಳ್ಳುವ ಜಾಗಗಳೇ ಹೆಚ್ಚು ಮುಖ್ಯ: ತುಟಿಯ ಒಳಬದಿ, ದವಡೆಯ ಕೆಳಗೆ, ಕಂಕುಳು, ತೊಡೆಸಂದು, ಬೆರಳುಗಳ ಸಂದು, ಬಾಲದ ಅಡಿ, ಕೊರಳಪಟ್ಟಿಯ ಕೆಳಗೆ.

ಗಂಟಲ್ಲದ್ದನ್ನು ಗಂಟು ಎಂದು ಹೆದರುವವರು ಬಹಳ ಜನ. ತಲೆಯ ಹಿಂದಿನ ಮೂಳೆಯ ಉಬ್ಬು, ಎದೆಗೂಡು ಮುಗಿಯುವಲ್ಲಿ ಹೊಟ್ಟೆಯ ನಡುವೆ ಸಿಗುವ ಮೆಲುಮೂಳೆಯ ತುದಿ, ಕೊನೆಯ ಪಕ್ಕೆಲುಬಿನ ಕೊನೆ, ಇವೆಲ್ಲ ಮೈಯ ಭಾಗಗಳೇ. ಗಂಡು ನಾಯಿಗೂ ಮೊಲೆತೊಟ್ಟುಗಳಿರುತ್ತವೆ. ಅವನ್ನು ರಕ್ತ ಹೀರುವ ಉಣ್ಣೆ ಎಂದುಕೊಂಡು ಚಿಮಟದಲ್ಲಿ ಕಿತ್ತು ಗಾಯ ಮಾಡುವುದು ನಿಜಕ್ಕೂ ನಡೆಯುತ್ತದೆ. ಕೂದಲು ಬಿಡಿಸಿ, ಟಾರ್ಚು ಹಿಡಿದು ನೋಡಿ: ಉಣ್ಣೆಗೆ ಬುಡದಲ್ಲಿ ಕಾಲುಗಳು ಕಾಣುತ್ತವೆ, ಮೊಲೆತೊಟ್ಟಿಗೆ ಎದುರು ಬದಿಯಲ್ಲಿ ಹೆಚ್ಚುಕಡಿಮೆ ಜೋಡಿಯಿರುತ್ತದೆ.

ನಿಜವಾದ ಗಂಟು ಸಿಕ್ಕರೆ ಕಣ್ಣಂದಾಜು ಸಾಲದು. ಉದ್ದ, ಅಗಲ, ಎತ್ತರ ಮೂರನ್ನೂ ಮಿಲಿಮೀಟರಿನಲ್ಲಿ ಅಳೆಯಿರಿ. ಪ್ಲಾಸ್ಟಿಕ್ ಕ್ಯಾಲಿಪರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸ್ಕೇಲು ಸಾಕು. ಸ್ಕೇಲನ್ನು ಪಕ್ಕದಲ್ಲಿಟ್ಟು ನೇರ ಮೇಲಿನಿಂದ ಒಂದು, ಬದಿಯಿಂದ ಒಂದು ಫೋಟೊ ತೆಗೆಯಿರಿ. ಪುಸ್ತಕದಲ್ಲಿ ಹೀಗೆ ಬರೆಯಿರಿ: ತಾರೀಕು, ಬಲಗಡೆ, ಮುಂಗಾಲಿನ ಹಿಂದೆ, ಬೆನ್ನುಮೂಳೆಯಿಂದ 9 ಸೆಂ.ಮೀ. ಕೆಳಗೆ; 14 × 12 × 6 ಮಿ.ಮೀ.; ಗಟ್ಟಿ; ಚರ್ಮದ ಜೊತೆ ಜರುಗುತ್ತದೆ; ಕೂದಲಿದೆ; ನೋವಿಲ್ಲ. ಮೇಲೆ ಒಂದು ಚಿಟಿಕೆ ಕೂದಲು ಕತ್ತರಿಸಿ ಗುರುತು ಮಾಡಿ. ಮನೆಯಲ್ಲಿ ಸಲೀಸಾಗಿ ಸಿಕ್ಕ ಗಂಟು, ಪರೀಕ್ಷೆಯ ಮೇಜಿನ ಮೇಲೆ ನಾಯಿ ನಿಂತಾಗ ಎಷ್ಟು ಹುಡುಕಿದರೂ ಸಿಗದೆ ಹೋಗುವುದು ಬಹಳ ಸಲ ಆಗುತ್ತದೆ.

ಅಳತೆಗೆ ಇಷ್ಟು ಒತ್ತು ಕೊಡಲು ಕಾರಣವಿದೆ. 1 ಸೆಂ.ಮೀ. ಅಗಲದ ದುಂಡು ಗಂಟು 2 ಸೆಂ.ಮೀ. ಆಯಿತೆಂದರೆ ಕಣ್ಣಿಗೆ ದುಪ್ಪಟ್ಟು ಅಷ್ಟೇ. ಒಳಗೆ ಬೆಳೆದದ್ದು ಎಂಟು ಪಟ್ಟು. ದಿನಾ ನೋಡುವವರಿಗೆ ಈ ಬೆಳವಣಿಗೆ ತಿಳಿಯುವುದೇ ಇಲ್ಲ.

ಮುಟ್ಟಿ ನೋಡುವುದು ಸರಿ, ಹಿಸುಕುವುದು ಬೇಡ. ಕೆರಟಿನ್ ತುಂಬಿದ ಚೀಲದಂಥ ಗಂಟನ್ನು ಹಿಸುಕಿದರೆ ಒಳಗಿನ ಗಿಣ್ಣಿನಂಥ ಬೂದು ಪದಾರ್ಥ ಹೊರಬರುವ ಬದಲು ಚರ್ಮದಡಿಯಲ್ಲೇ ಒಡೆದು, ಸುತ್ತೆಲ್ಲ ಕೆಂಪಗೆ ಬಾತು ಕೀವಾಗುತ್ತದೆ. ಮಾಸ್ಟ್ ಸೆಲ್ ಟ್ಯೂಮರನ್ನು ಹಿಸುಕಿದರೆ ಅದರ ಜೀವಕಣಗಳು ಊತ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಸುತ್ತವೆ. ಆ ಜಾಗ ನೋಡನೋಡುತ್ತಲೇ ಕೆಂಪಾಗಿ ಊದಿಕೊಳ್ಳುತ್ತದೆ, ಕೆಲವು ನಾಯಿಗಳಿಗೆ ವಾಂತಿಯೂ ಆಗುತ್ತದೆ. ಬೆಳಿಗ್ಗೆ ದೊಡ್ಡದು, ಸಂಜೆ ಸಣ್ಣದು ಎನ್ನುವಂತೆ ಏರಿಳಿಯುವ ಗಂಟಿನ ಬಗ್ಗೆ "ಇಳಿಯುತ್ತಿದೆಯಲ್ಲ" ಎಂದು ಸಮಾಧಾನ ಪಡಬಾರದು. ಹಾಗೆ ಏರಿಳಿಯುವುದೇ ಈ ಕ್ಯಾನ್ಸರಿನ ಒಂದು ಗುರುತು. ಜೊತೆಗೆ ಮಲ ಡಾಂಬರಿನಂತೆ ಕಪ್ಪಗಾಗಿದ್ದರೆ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಹೋಗುತ್ತಿರಬಹುದು, ಕೂಡಲೇ ತೋರಿಸಿ.

ಎಲ್ಲಿದೆ ಎನ್ನುವುದೇ ಅರ್ಧ ಸುಳಿವು

ಕಣ್ಣಿನ ಕೆಳಗೆ ಕೆನ್ನೆ ಊದಿ, ಒಡೆದು ಕೀವು ಬಂದು, ಆ್ಯಂಟಿಬಯಾಟಿಕ್ ಕೊಟ್ಟಾಗ ಇಳಿದು, ಒಂದೆರಡು ತಿಂಗಳಲ್ಲಿ ಮತ್ತೆ ಅಲ್ಲೇ ಊದಿದರೆ ಚರ್ಮದ ದೋಷವಲ್ಲ. ಮೇಲ್ದವಡೆಯ ದೊಡ್ಡ ಹಲ್ಲಿನ ಬೇರು ಕೊಳೆತಿದೆ. ಎಷ್ಟೋ ಸಲ ಆ ಹಲ್ಲಿನಲ್ಲಿ ಸಣ್ಣ ಬಿರುಕು ಕಾಣುತ್ತದೆ, ಕೆಲವು ಸಲ ಹೊರಗಿನಿಂದ ಏನೂ ಕಾಣುವುದಿಲ್ಲ. ಎಕ್ಸ್‌ರೇ ತೆಗೆದು ಹಲ್ಲು ಕೀಳುವವರೆಗೆ ಅಥವಾ ಬೇರಿನ ಚಿಕಿತ್ಸೆ ಆಗುವವರೆಗೆ ಈ ಗಾಯ ಮಾಯುವುದಿಲ್ಲ. ಮುಖದ ಇನ್ನುಳಿದ ಊತಗಳಲ್ಲಿ ಬಾಯೊಳಗೆ ಇಣುಕಿ ನೋಡುವುದನ್ನು ಮರೆಯಬೇಡಿ. ಬಾಯಿ ನಾತ, ಜೊಲ್ಲಿನಲ್ಲಿ ರಕ್ತ, ಒಂದು ಕಡೆಯಿಂದಲೇ ಅಗಿಯುವುದು ಕಂಡರೆ ಒಸಡಿನಲ್ಲಿ ಗಡ್ಡೆ ಇರಬಹುದು. ಬಾಯಿಯ ಮೆಲನೋಮಾ ಎಂಬ ಕ್ಯಾನ್ಸರ್ ವಯಸ್ಸಾದ ನಾಯಿಗಳಲ್ಲಿ ಬರುವಂಥದ್ದು, ಬೇಗ ಹರಡುವಂಥದ್ದು.

ದವಡೆಯ ಕೆಳಗೆ, ಭುಜದ ಮುಂದೆ, ಕಂಕುಳಲ್ಲಿ, ತೊಡೆಸಂದಿನಲ್ಲಿ, ಮೊಣಕಾಲಿನ ಹಿಂದೆ ದುಗ್ಧಗ್ರಂಥಿಗಳಿವೆ. ಎಡ ಬಲ ಎರಡೂ ಕಡೆ, ಒಂದಕ್ಕಿಂತ ಹೆಚ್ಚು ಜಾಗದಲ್ಲಿ ನೋವಿಲ್ಲದೆ ಗಟ್ಟಿಯಾಗಿ ಬೆಳೆದಿದ್ದರೆ ಲಿಂಫೋಮಾ ಎಂಬ ಕ್ಯಾನ್ಸರಿನ ಸಂಶಯ ಮೊದಲು ಬರುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಪರೀಕ್ಷೆಗೆ ಮೊದಲೇ ಸ್ಟಿರಾಯ್ಡ್ ಶುರು ಮಾಡಿದರೆ ಗ್ರಂಥಿಗಳು ಕೆಲ ದಿನ ಇಳಿದು ಸೂಜಿ ಪರೀಕ್ಷೆಯ ಸ್ಲೈಡಿನಲ್ಲಿ ರೋಗ ಮರೆಯಾಗುತ್ತದೆ. ಮುಂದೆ ಕೊಡುವ ಕೀಮೋಥೆರಪಿಯ ಫಲವೂ ಕುಗ್ಗುತ್ತದೆ. ಮನೆಯಲ್ಲಿ ಉಳಿದಿರುವ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಯನ್ನು ಯಾವ ಗಂಟಿಗೂ ಕೊಡಬೇಡಿ.

ಹೆಣ್ಣು ನಾಯಿಗೆ ಸಾಮಾನ್ಯವಾಗಿ ಐದು ಜೊತೆ ಮೊಲೆಗಳಿರುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲದಿದ್ದರೆ, ಅಥವಾ ತಡವಾಗಿ ಆಗಿದ್ದರೆ, ಒಂದೊಂದನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ನೋಡಿ. ಹಿಂಗಾಲಿನ ಬಳಿಯ ಎರಡು ಜೊತೆಗಳಲ್ಲಿ ಗಡ್ಡೆ ಹೆಚ್ಚು. ಮೊಲೆಯ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್. ಕಡಲೆ ಗಾತ್ರದಲ್ಲಿದ್ದಾಗ ತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, 3 ಸೆಂ.ಮೀ. ದಾಟಿದ ಮೇಲೆ ಕಡಿಮೆಯಾಗುತ್ತ ಹೋಗುತ್ತದೆ. "ಇನ್ನೂ ಚಿಕ್ಕದು, ನೋಡೋಣ" ಎನ್ನುವ ಮಾತು ಇಲ್ಲಿ ಸಲ್ಲದು.

ಬಾಲದ ಅಡಿಯಲ್ಲಿ ಮೂರು ಬಗೆ. ಬೀಜ ತೆಗೆಸದ ಮುದಿ ಗಂಡು ನಾಯಿಗೆ ಗುದದ ಸುತ್ತಲಿನ ಕೂದಲಿಲ್ಲದ ಚರ್ಮದಲ್ಲಿ ಬರುವ, ಆಗಾಗ ಒಡೆದು ರಕ್ತ ಒಸರುವ ಗಂಟು ಹೆಚ್ಚಾಗಿ ಅಡಿನೋಮಾ, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ. ಬೀಜ ತೆಗೆಸಿದರೆ ಬಹುಪಾಲು ತಾನೇ ಕುಗ್ಗುತ್ತದೆ. ಗಡಿಯಾರದ 4 ಮತ್ತು 8 ಗಂಟೆಯ ಜಾಗದಲ್ಲಿ ಕೆಂಪಗೆ ಊದಿ, ನೋವಾಗಿ, ಒಡೆದು ದುರ್ನಾತದ ಕೀವು ಬಂದರೆ ಗುದಗ್ರಂಥಿಯ ಬಾವು. ಅದೇ ಜಾಗದಲ್ಲಿ ಒಳಗೆ ಗಟ್ಟಿ ಗಂಟಿದ್ದು, ನಾಯಿ ಈಚೆಗೆ ಹೆಚ್ಚು ನೀರು ಕುಡಿಯುತ್ತಿದ್ದರೆ ಗುದಗ್ರಂಥಿಯ ಕ್ಯಾನ್ಸರ್ ಇರಬಹುದು. ಈ ಗಡ್ಡೆ ಕೆಲವು ನಾಯಿಗಳಲ್ಲಿ ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ, ಅದು ಮೂತ್ರಪಿಂಡವನ್ನು ಕೆಡಿಸುತ್ತದೆ. ಹೊರಗಿನಿಂದ ಏನೂ ಕಾಣದೆ ಇರಬಹುದಾದ್ದರಿಂದ ವಯಸ್ಸಾದ ನಾಯಿಯ ಪ್ರತಿ ತಪಾಸಣೆಯಲ್ಲೂ ವೈದ್ಯರು ಗುದದೊಳಗೆ ಬೆರಳಿಟ್ಟು ನೋಡಲಿ ಎಂದು ಕೇಳಿ.

ಒಂದು ಬೆರಳು ಮಾತ್ರ ಊದಿ, ಉಗುರು ಬಿದ್ದು, ಆ್ಯಂಟಿಬಯಾಟಿಕ್ ಮೇಲೆ ಆ್ಯಂಟಿಬಯಾಟಿಕ್ ಕೊಟ್ಟರೂ ಮಾಯದೆ ಇರುವುದು ಬಹಳ ಮೋಸದ ಗಾಯ. ಉಗುರಿನ ಬುಡದ ಕ್ಯಾನ್ಸರ್ ಹೀಗೆಯೇ ಸೋಂಕಿನ ವೇಷದಲ್ಲಿ ಬರುತ್ತದೆ, ಕಪ್ಪು ಮೈಯ ದೊಡ್ಡ ತಳಿಗಳಲ್ಲಿ ಹೆಚ್ಚು. ಎಕ್ಸ್‌ರೇಯಲ್ಲಿ ಬೆರಳಿನ ಮೂಳೆ ಸವೆದಿದ್ದರೆ ಬಯಾಪ್ಸಿ (ತುಣುಕು ಮಾಂಸ ತೆಗೆದು ಪರೀಕ್ಷೆ) ಆಗಲೇಬೇಕು. ಒಂದು ಬೆರಳು ತೆಗೆದರೂ ಬಹುತೇಕ ನಾಯಿಗಳು ಕುಂಟದೆ ನಡೆಯುತ್ತವೆ, ಆ ಬಗ್ಗೆ ಹೆದರಬೇಕಾಗಿಲ್ಲ.

ಮೊಣಕೈಯ ಮೇಲೆ ನೀರು ತುಂಬಿದ ಚೀಲದಂಥ ಊತ ಗಟ್ಟಿ ನೆಲದ ಮೇಲೆ ಮಲಗಿ ಆದದ್ದು. ಸೂಜಿ ಚುಚ್ಚಿ ನೀರು ತೆಗೆದರೆ ಮತ್ತೆ ತುಂಬುತ್ತದೆ, ಸೋಂಕೂ ಹತ್ತುತ್ತದೆ. ಮೆತ್ತನೆಯ ದಪ್ಪ ಹಾಸಿಗೆಯೇ ಅದಕ್ಕೆ ಮದ್ದು. ಕಿವಿಯ ಹಾಲೆ ದಿಂಬಿನಂತೆ ಉಬ್ಬಿದ್ದರೆ ಒಳಗೆ ರಕ್ತ ತುಂಬಿದೆ. ಮೂಲ ಕಾರಣ ಸಾಮಾನ್ಯವಾಗಿ ಕಿವಿಯೊಳಗಿನ ಸೋಂಕು, ತುರಿಕೆ ತಾಳಲಾರದೆ ತಲೆ ಒದರಿದ್ದು.

ಇನ್ನು ಮೈಮೇಲೆಲ್ಲ ಹೂಕೋಸಿನಂತೆ ಸಣ್ಣಗೆ ಏಳುವ ನರುಳೆಗಳು ಮುದಿ ನಾಯಿಗಳಲ್ಲಿ ಧಾರಾಳ. ಹೆಚ್ಚಿನವು ಎಣ್ಣೆಗ್ರಂಥಿಯ ಅಡಿನೋಮಾಗಳು, ನಿರಪಾಯ. ಕೂದಲು ಕತ್ತರಿಸುವಾಗ ತಾಗಿ ರಕ್ತ ಬರುತ್ತದೆ, ಅಷ್ಟೇ. ನಾಯಿ ಅದನ್ನೇ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತಿದ್ದರೆ ಮಾತ್ರ ತೆಗೆಸಿ.

ಕಾರಣ ಕಾಣದ ಗಾಯ

ಮುದಿ ನಾಯಿಯ ಗಾಯಕ್ಕೆ ಜಗಳ, ಮುಳ್ಳು ಮಾತ್ರ ಕಾರಣವಲ್ಲ. ಅದರ ಮೈಯೇ ಗಾಯ ಮಾಡಿಕೊಳ್ಳುತ್ತಿರಬಹುದು. ಮುಂಗಾಲಿನ ಒಳಬದಿಯ ಐದನೇ ಉಗುರು ನೆಲಕ್ಕೆ ತಾಗುವುದಿಲ್ಲವಾದ್ದರಿಂದ ಸವೆಯುವುದಿಲ್ಲ. ಓಡಾಟ ಕಡಿಮೆಯಾದ ಮೇಲೆ ಅದು ಸುರುಳಿ ಸುತ್ತಿ ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ. ಕೂದಲು ಮುಚ್ಚಿದ್ದರೆ ಬರೀ ರಕ್ತ, ನಾತ ಗೊತ್ತಾಗುತ್ತದೆ. ಹಿಂಗಾಲಿನ ನಡು ಬೆರಳುಗಳ ಮೇಲ್ಭಾಗ ಉಜ್ಜಿದಂತೆ ಕಿತ್ತಿದ್ದು, ಆ ಉಗುರುಗಳು ಮೇಲಿನಿಂದ ಸವೆದಿದ್ದರೆ ನಾಯಿ ಪಾದ ಎಳೆಯುತ್ತಿದೆ. ಬೆನ್ನುಹುರಿಯ ತೊಂದರೆ ಅದು, ಗಾಯಕ್ಕೆ ಎಷ್ಟು ಮದ್ದು ಹಚ್ಚಿದರೂ ಪ್ರಯೋಜನವಿಲ್ಲ. ಮಣಿಕಟ್ಟಿನ ಮೇಲೆ ನೆಕ್ಕಿ ನೆಕ್ಕಿ ದಪ್ಪಗಾದ, ಕೂದಲು ಹೋದ ಹುಣ್ಣಿನ ಕೆಳಗೆ ಎಷ್ಟೋ ಸಲ ಸಂಧಿವಾತದ ನೋವಿರುತ್ತದೆ. ಹೆಚ್ಚು ಹೊತ್ತು ಮಲಗಿಯೇ ಇರುವ ನಾಯಿಗೆ ಸೊಂಟದ ಮೂಳೆ, ಮೊಣಕೈ, ಭುಜದ ಮೇಲೆ ಒತ್ತುಹುಣ್ಣು ಬರುತ್ತದೆ. ಮೊದಲು ಕೆಂಪು, ನಂತರ ಕೂದಲು ಉದುರಿ, ಆಮೇಲೆ ತೂತು. ನಾಲ್ಕು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಿ ಮಲಗಿಸಿದರೆ ಇದನ್ನು ತಡೆಯಬಹುದು.

ಎಲ್ಲ ಗಾಯಗಳೂ ನಿಧಾನವಾಗಿ ಮಾಯುತ್ತಿದ್ದು, ಕೂದಲು ತೆಳುವಾಗಿ, ಹೊಟ್ಟೆ ಜೋತು, ನೀರು ಕುಡಿಯುವುದು ಹೆಚ್ಚಿದ್ದರೆ ಕುಶಿಂಗ್ ಕಾಯಿಲೆ (ಮೈಯಲ್ಲಿ ಕಾರ್ಟಿಸೋಲ್ ಹಾರ್ಮೋನು ಅತಿಯಾಗುವುದು), ಸಕ್ಕರೆ ಕಾಯಿಲೆ ಇವುಗಳಿಗೆ ರಕ್ತ ಪರೀಕ್ಷೆ ಆಗಬೇಕು.

ಕಚ್ಚಿದ ಗಾಯ ಮೇಲೆ ಹಲ್ಲಿನಷ್ಟೇ ತೂತು, ಒಳಗೆ ಅಂಗೈಯಗಲದ ಪೊಳ್ಳು. ಚರ್ಮ ಬೇಗ ಮುಚ್ಚಿಕೊಂಡು, ಎರಡರಿಂದ ಐದು ದಿನದಲ್ಲಿ ಬಿಸಿಯಾದ, ನೋಯುವ, ನಡುವೆ ಮೆತ್ತಗಾದ ಬಾವು ಏಳುತ್ತದೆ. ಆದ್ದರಿಂದ ಚಿಕ್ಕ ತೂತೆಂದು ಬಿಡದೆ ಮೊದಲ ದಿನವೇ ತೋರಿಸಿ. ಹೀಗೆ ಎದ್ದದ್ದು ಬಾವು ಎಂದು ವೈದ್ಯರು ಹೇಳಿದ ಮೇಲೆ ಬೆಚ್ಚನೆಯ ಒದ್ದೆ ಬಟ್ಟೆಯ ಶಾಖವನ್ನು ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ ಕೊಡಬಹುದು. ಏನೆಂದು ಗೊತ್ತಿಲ್ಲದ ಗಂಟಿಗೆ ಶಾಖ ಬೇಡ, ಮಾಸ್ಟ್ ಸೆಲ್ ಟ್ಯೂಮರ್ ಶಾಖಕ್ಕೂ ಕೆರಳುತ್ತದೆ.

ಗಾಯ ತೊಳೆಯುವ ಕ್ರಮ

ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಪುಡಿ ಉಪ್ಪು, ಅಂದರೆ 5 ಮಿ.ಲೀ. ಚಮಚದಲ್ಲಿ ಮಟ್ಟಸವಾಗಿ ಒಂದೂವರೆ ಚಮಚ. ಉಪ್ಪು ಹೆಚ್ಚಾದರೆ ಉರಿಯುತ್ತದೆ, ಬರೀ ನೀರಾದರೆ ಹೊಸದಾಗಿ ಬೆಳೆಯುವ ಕಣಗಳು ನೀರು ಹೀರಿ ಒಡೆಯುತ್ತವೆ. ಆದರೂ ಮೊದಲ ಸಲ ಮಣ್ಣು, ಕಸ ತೆಗೆಯಲು ನಲ್ಲಿ ನೀರು ಬಳಸಿದರೆ ತಪ್ಪಿಲ್ಲ. ಉಪ್ಪುನೀರನ್ನು ಮುಚ್ಚಿಟ್ಟು ಅಂದೇ ಬಳಸಿ, ಮಾರನೆಯ ದಿನಕ್ಕೆ ಹೊಸದು ಮಾಡಿ.

ನೋವಿದ್ದಾಗ ಎಂಥ ಸಾಧು ನಾಯಿಯೂ ಕಚ್ಚುತ್ತದೆ. ಉಸಿರಾಟ ಸರಾಗವಾಗಿದ್ದು ವಾಂತಿ ಇಲ್ಲದಿದ್ದರೆ ಮೂತಿಗೆ ಬುಟ್ಟಿಯಂಥ ಕುಕ್ಕೆ ಹಾಕಿ, ಇನ್ನೊಬ್ಬರು ತಲೆ ಹಿಡಿದುಕೊಳ್ಳಲಿ. ಗಾಯದೊಳಕ್ಕೆ ಕೂದಲು ಬೀಳದಿರಲು ನೀರಿನಲ್ಲಿ ಕರಗುವ ಜೆಲ್ಲಿ ತುಂಬಿ, ಸುತ್ತ 2 ಸೆಂ.ಮೀ. ಕೂದಲನ್ನು ಕ್ಲಿಪ್ಪರ್‌ನಿಂದ ತೆಗೆಯಿರಿ. ವ್ಯಾಸಲೀನ್ ಬೇಡ, ಅದು ತೊಳೆದರೆ ಹೋಗುವುದಿಲ್ಲ. ಕತ್ತರಿಯೇ ಗತಿಯಾದರೆ ಚರ್ಮಕ್ಕೂ ಕತ್ತರಿಗೂ ನಡುವೆ ಬಾಚಣಿಗೆ ತೂರಿಸಿ. ಮುದಿ ನಾಯಿಯ ಚರ್ಮ ತೆಳು, ಕೂದಲಿನ ಜೊತೆ ಚರ್ಮವೂ ಕತ್ತರಿಗೆ ಸಿಕ್ಕಿಬಿಡುತ್ತದೆ.

20 ಮಿ.ಲೀ. ಸಿರಿಂಜಿನಲ್ಲಿ, ಸೂಜಿ ತೆಗೆದು, ಓರೆಯಾಗಿ ನೀರು ಚಿಮ್ಮಿಸಿ ತೊಳೆಯಿರಿ. ನಾಣ್ಯದಷ್ಟು ಗಾಯಕ್ಕೂ 100ರಿಂದ 200 ಮಿ.ಲೀ. ಬೇಕು. ಬಂದ ನೀರು ತಿಳಿಯಾಗುವವರೆಗೆ ಬಿಡಬೇಡಿ. ಆಳವಾದ ತೂತಿನೊಳಕ್ಕೆ ಸಿರಿಂಜಿನ ಮೂತಿ ತೂರಿಸಿ ಒತ್ತಿದರೆ ಕೊಳೆ ಇನ್ನೂ ಒಳಗೆ ಹೋಗುತ್ತದೆ. ನಂಜುನಾಶಕ ಬೇಕೆನಿಸಿದರೆ ಪೊವಿಡೋನ್ ಅಯೋಡಿನ್ ಸಾಕು. ಶೀಶೆಯ ಮೇಲೆ 10% ಎಂದಿದ್ದರೆ ಲೀಟರಿಗೆ 10 ಮಿ.ಲೀ., 5% ಎಂದಿದ್ದರೆ 20 ಮಿ.ಲೀ. ತಿಳಿ ಚಹಾದ ಬಣ್ಣ ಬರಬೇಕು. ಗಟ್ಟಿಯಾಗಿ ಹಚ್ಚಿದರೆ ಬೇಗ ವಾಸಿ ಎಂಬುದು ತಪ್ಪು, ಗಟ್ಟಿ ದ್ರಾವಣ ಹೊಸ ಮಾಂಸವನ್ನೇ ಸುಡುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಫಿನಾಯಿಲ್ ಇವು ಮಾಡುವುದೂ ಅದನ್ನೇ.

ತೊಳೆದ ಮೇಲೆ ಶುಭ್ರ ಗಾಜ್ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಹತ್ತಿ ಬೇಡ, ಎಳೆ ಅಂಟಿಕೊಳ್ಳುತ್ತದೆ. ಕಾಲಿಗೆ ಪಟ್ಟಿ ಕಟ್ಟಿದರೆ ಒಳಗೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ದಿನಕ್ಕೆರಡು ಸಲ ಕೆಳಗಿನ ಬೆರಳುಗಳನ್ನು ನೋಡಿ. ಬೆರಳು ತಣ್ಣಗಾಗಿದ್ದರೆ, ಊದಿ ಒಂದರಿಂದೊಂದು ಅಗಲವಾಗಿದ್ದರೆ ಪಟ್ಟಿ ಬಿಚ್ಚಿ. ಒದ್ದೆ ಪಟ್ಟಿಯನ್ನು ಆ ಕೂಡಲೇ ಬದಲಿಸಿ. ನಾಯಿ ನೆಕ್ಕಿದರೆ ಗಾಯ ವಾಸಿಯಾಗುತ್ತದೆ ಎಂಬ ನಂಬಿಕೆಯಿಂದ ಹಾಳಾದ ಗಾಯಗಳು ಲೆಕ್ಕವಿಲ್ಲ. ಕೊರಳಿಗೆ ಕೋನ್ ಹಾಕಿ. ಅದರ ಅಂಚು ಮೂಗಿನ ತುದಿಗಿಂತ ಒಂದೆರಡು ಇಂಚು ಮುಂದಿರಬೇಕು, ಗಿಡ್ಡ ಕೋನಿನಲ್ಲಿ ನಾಯಿ ಹೇಗೋ ಬಾಗಿ ಗಾಯ ಮುಟ್ಟುತ್ತದೆ. ಉಣ್ಣುವಾಗ ಎದುರಿಗೆ ಕೂತು ಬಿಚ್ಚಬಹುದು.

ಸೆಕೆಗಾಲದಲ್ಲಿ, ಏಳಲಾಗದ ನಾಯಿಗಳಲ್ಲಿ, ಗಾಯಕ್ಕೆ ಹುಳು ಬೀಳುವುದು ಬಹು ಬೇಗ. ನೊಣದ ಮೊಟ್ಟೆ ಅಕ್ಕಿಯ ಚೂರಿನಂತೆ ಬೆಳ್ಳಗೆ ಕೂದಲಿಗೆ ಅಂಟಿರುತ್ತದೆ, ಒಂದೇ ದಿನದೊಳಗೆ ಒಡೆದು ಹುಳುವಾಗುತ್ತದೆ. ಮೇಲಿನ ತೂತು ಸಣ್ಣದು, ಒಳಗೆ ಸುರಂಗ. ಸೀಮೆಎಣ್ಣೆ, ಪೆಟ್ರೋಲ್, ನುಸಿಗುಳಿಗೆಯ ಪುಡಿ ಹಾಕಿದರೆ ಹುಳು ಸಾಯಬಹುದು, ಆದರೆ ವಿಷ ಮೈಗೆ ಏರುತ್ತದೆ. ಕಂಡಷ್ಟನ್ನು ಚಿಮಟದಿಂದ ತೆಗೆದು, ಉಪ್ಪುನೀರಿನಲ್ಲಿ ತೊಳೆದು, ಮೇಲೆ ಬಟ್ಟೆ ಮುಚ್ಚಿಕೊಂಡು ಆಸ್ಪತ್ರೆಗೆ ಹೋಗಿ. ಒಳಗಿನವನ್ನು ತೆಗೆಯಲು ಮಂಪರು ಕೊಡಬೇಕಾಗಬಹುದು. ಐವರ್‌ಮೆಕ್ಟಿನ್ ಸೂಜಿಯನ್ನು ಸ್ವಂತ ತೀರ್ಮಾನದಿಂದ ಹಾಕಬೇಡಿ. ಕೋಲಿ ಮತ್ತು ಅದರ ಸಂಬಂಧದ ತಳಿಗಳಿಗೆ ಅದು ನರಗಳ ಮೇಲೆ ವಿಷದಂತೆ ಎರಗಬಹುದು.

ಮನುಷ್ಯರ ನೋವಿನ ಮಾತ್ರೆ ಯಾವುದೂ ಬೇಡ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ, ಪ್ಯಾರಸಿಟಮಾಲ್ ಹೆಚ್ಚಾದರೆ ಯಕೃತ್ತಿಗೆ ಪೆಟ್ಟು. ಹಚ್ಚುವ ಮುಲಾಮಾದರೂ ನಾಯಿಯ ನಾಲಗೆಯ ಮೂಲಕ ಹೊಟ್ಟೆಗೇ ಸೇರುತ್ತದೆ. ಡೈಕ್ಲೋಫೆನಾಕ್ ಜೆಲ್, ಜಿಂಕ್ ಆಕ್ಸೈಡ್ ಕ್ರೀಮು, ಟೀ ಟ್ರೀ ಎಣ್ಣೆ ಇವು ದೂರವೇ ಇರಲಿ.

ಸೂಜಿ ಪರೀಕ್ಷೆ

ಬಟಾಣಿಯಷ್ಟು, ಅಂದರೆ 1 ಸೆಂ.ಮೀ. ಇರುವ, ಅಥವಾ ಒಂದು ತಿಂಗಳಾದರೂ ಹೋಗದ ಯಾವ ಗಂಟಿಗೂ ಎಫ್‌ಎನ್‌ಎಸಿ, ಅಂದರೆ ಸೂಜಿಯಿಂದ ಕಣ ತೆಗೆದು ನೋಡುವ ಪರೀಕ್ಷೆ, ಮಾಡಿಸಿ. ಬೇಗ ಬೆಳೆಯುತ್ತಿದ್ದರೆ, ಬಣ್ಣ ಬದಲಾದರೆ, ಒಡೆದರೆ ತಿಂಗಳು ಕಾಯುವುದೂ ಬೇಡ. ಲಸಿಕೆ ಚುಚ್ಚಿದ ಜಾಗದ ಗಂಟು ಸಾಮಾನ್ಯವಾಗಿ ಮೂರು ನಾಲ್ಕು ವಾರದಲ್ಲಿ ಕರಗುತ್ತದೆ, ಕರಗದಿದ್ದರೆ ಅದಕ್ಕೂ ಇದೇ ನಿಯಮ.

ಲಸಿಕೆ ಹಾಕುವಂಥ ಸಪೂರ ಸೂಜಿ, 22ರಿಂದ 25 ಗೇಜ್. ಬಹುತೇಕ ನಾಯಿಗಳಿಗೆ ಅರಿವಳಿಕೆ ಬೇಡ. ಗಂಟಿನೊಳಗೆ ಬೇರೆಬೇರೆ ದಿಕ್ಕಿಗೆ ಆಡಿಸಿ, ಸೂಜಿಗೆ ಬಂದದ್ದನ್ನು ಗಾಜಿನ ಸ್ಲೈಡಿನ ಮೇಲೆ ಹರಡಿ, ಬಣ್ಣ ಹಾಕಿ ನೋಡುತ್ತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆಯಿಂದ ಚರ್ಮದ ಗಂಟಿನ ಪರೀಕ್ಷೆ ತಪ್ಪಿಸಬೇಡಿ, ಗೊತ್ತಿಲ್ಲದೆ ಬಿಟ್ಟ ಗಡ್ಡೆಯಿಂದಾಗುವ ಅಪಾಯ ಅದಕ್ಕಿಂತ ಎಷ್ಟೋ ಹೆಚ್ಚು. ಐದು ಗಂಟಿದ್ದರೆ ಐದಕ್ಕೂ ಬೇರೆ ಬೇರೆ ಸ್ಲೈಡ್ ಆಗಲಿ. ಒಂದು ಕೊಬ್ಬಿನ ಗಂಟು ಎಂದು ಸಾಬೀತಾದರೆ ಪಕ್ಕದ್ದೂ ಅದೇ ಎಂದು ತಿಳಿಯಬಾರದು. ಯಾವ ಸ್ಲೈಡ್ ಯಾವ ಗಂಟಿನದು ಎಂದು ನಿಮ್ಮ ಪುಸ್ತಕದಲ್ಲಿ ಆಯಾ ಗಂಟಿನ ವಿವರದ ಪಕ್ಕ ಸಂಖ್ಯೆ ಹಾಕಿ.

ವರದಿ ಓದುವಾಗ ಒಂದು ಮಾತು ನೆನಪಿರಲಿ. ಮಾಸ್ಟ್ ಸೆಲ್ ಕಣಗಳು ಸೂಜಿಗೆ ಸುಲಭವಾಗಿ ಬರುತ್ತವೆ, ಸಾರ್ಕೋಮಾ ಎಂಬ ಇನ್ನೊಂದು ಬಗೆಯ ಕ್ಯಾನ್ಸರಿನ ಕಣಗಳು ಅಂಟಿಕೊಂಡಿದ್ದು ಬರುವುದೇ ಕಷ್ಟ. "ಕಣ ಸಾಕಷ್ಟು ಸಿಕ್ಕಿಲ್ಲ", "ಬರೀ ರಕ್ತ" ಎಂದು ಬಂದರೆ ಕ್ಯಾನ್ಸರ್ ಇಲ್ಲ ಎಂದರ್ಥವಲ್ಲ. ಇನ್ನೊಮ್ಮೆ ಮಾಡಿಸಿ, ಆಗಲೂ ಹಾಗೇ ಆದರೆ ತುಣುಕು ಮಾಂಸ ತೆಗೆದು ಬಯಾಪ್ಸಿ. ಕೊಬ್ಬಿನ ಗಂಟು ಎಂದೇ ಬಂದರೆ ಅದನ್ನು ಸುಮ್ಮನೆ ಬಿಡಬಹುದು. ಕಂಕುಳಲ್ಲಿ ಬೆಳೆದು ನಡಿಗೆಗೆ ಅಡ್ಡಿಯಾದರೆ ಮಾತ್ರ ತೆಗೆಸುವ ಯೋಚನೆ. ಹಾಗೆ ಬಿಟ್ಟ ಗಂಟನ್ನೂ ಮೂರು ತಿಂಗಳಿಗೊಮ್ಮೆ ಅಳೆಯುತ್ತಿರಿ, ಗಟ್ಟಿಯಾದರೆ ಅಥವಾ ಒಮ್ಮೆಲೇ ಬೆಳೆದರೆ ಮತ್ತೆ ಸೂಜಿ ಹಾಕಿಸಿ.

ತೆಗೆಸುವುದಾದರೆ

"ಇಷ್ಟು ವಯಸ್ಸಿಗೆ ಅರಿವಳಿಕೆ ತಡೆಯುತ್ತದೆಯೇ" ಎಂಬ ಭಯ ಎಲ್ಲರಿಗೂ ಇರುತ್ತದೆ. ವಯಸ್ಸೊಂದೇ ಅಡ್ಡಿಯಲ್ಲ. ಹೃದಯ, ಮೂತ್ರಪಿಂಡ, ಯಕೃತ್ತು ಹೇಗಿವೆ ಎಂಬುದು ಮುಖ್ಯ. ರಕ್ತ ಮತ್ತು ಮೂತ್ರ ಪರೀಕ್ಷೆ, ಎದೆಯ ಎಕ್ಸ್‌ರೇ, ಹೃದಯದಲ್ಲಿ ಅಸಹಜ ಸದ್ದಿದ್ದರೆ ಎಕೋ (ಹೃದಯದ ಸ್ಕ್ಯಾನ್) ಮೊದಲೇ ಆಗಲಿ. ಕ್ಯಾನ್ಸರ್ ಎಂದು ಗೊತ್ತಾಗಿದ್ದರೆ ಹತ್ತಿರದ ದುಗ್ಧಗ್ರಂಥಿಗೂ ಸೂಜಿ ಹಾಕಿಸಿ, ಅಗತ್ಯವಿದ್ದರೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿ.

ಗಂಟು ಏನೆಂದು ತಿಳಿಯದೆ "ಹೇಗೂ ತೆಗೆಯೋಣ, ಆಮೇಲೆ ನೋಡೋಣ" ಎಂದು ಕೊಯ್ಯಿಸುವುದು ನಾವು ಕಾಣುವ ದೊಡ್ಡ ತಪ್ಪು. ಕೊಬ್ಬಿನ ಗಂಟನ್ನು ಬಿಡಿಸಿ ತೆಗೆದರೆ ಸಾಕು. ಮಾಸ್ಟ್ ಸೆಲ್ ಟ್ಯೂಮರಿಗೆ ಸುತ್ತ 2ರಿಂದ 3 ಸೆಂ.ಮೀ. ಆರೋಗ್ಯದ ಚರ್ಮ, ಕೆಳಗೆ ಒಂದು ಪದರ ಸೇರಿಸಿ ತೆಗೆಯಬೇಕು. ಬುಡ ಉಳಿದರೆ ಅದೇ ಜಾಗದಲ್ಲಿ ಮತ್ತೆ ಬರುತ್ತದೆ, ಎರಡನೇ ಸಲ ತೆಗೆಯಲು ಚರ್ಮವೇ ಇರುವುದಿಲ್ಲ. ಮೊದಲ ಶಸ್ತ್ರಚಿಕಿತ್ಸೆಯೇ ಪೂರ್ತಿ ಗುಣಪಡಿಸಲು ಸಿಗುವ ಒಳ್ಳೆಯ ಅವಕಾಶ.

ತೆಗೆದದ್ದನ್ನು ಎಸೆಯಲು ಬಿಡಬೇಡಿ. ಗಡ್ಡೆಯ ಹತ್ತು ಪಟ್ಟು ಪ್ರಮಾಣದ 10% ಫಾರ್ಮಲಿನ್‌ನಲ್ಲಿ, ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಿ ಹಿಸ್ಟೊಪೆಥಾಲಜಿಗೆ, ಅಂದರೆ ಸೂಕ್ಷ್ಮದರ್ಶಕದ ಪರೀಕ್ಷೆಗೆ, ಕಳಿಸಬೇಕು. ಫ್ರೀಜರಿನಲ್ಲಿಟ್ಟರೆ ಕಣಗಳು ಒಡೆದು ಪರೀಕ್ಷೆಗೆ ಬರುವುದಿಲ್ಲ. ವರದಿಯಲ್ಲಿ ಮೂರು ಸಂಗತಿ ಕೇಳಿ: ಯಾವ ಗಡ್ಡೆ, ಯಾವ ಗ್ರೇಡ್ (ಎಷ್ಟು ಉಗ್ರ), ಅಂಚುಗಳು ಗಡ್ಡೆಯ ಕಣವಿಲ್ಲದೆ ಶುದ್ಧವಾಗಿವೆಯೇ. ಅಂಚಿನ ಮಾತು ಇಲ್ಲದ ವರದಿ ಅರ್ಧ ವರದಿ.

ಹೊಲಿಗೆ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ, ಅಲ್ಲಿವರೆಗೆ ಸ್ನಾನ, ಜಿಗಿತ ಇಲ್ಲ. ಮೂರರಿಂದ ಐದನೇ ದಿನದ ಹೊತ್ತಿಗೆ ಹೊಲಿಗೆಯ ಕೆಳಗೆ ನೋವಿಲ್ಲದ ನೀರಿನ ಊತ ಬರುವುದುಂಟು. ಅದು ತಾನೇ ಇಳಿಯುತ್ತದೆ, ನೀವು ಚುಚ್ಚಬೇಡಿ. ಕೆಂಪು ಹರಡಿದರೆ, ನಾತ ಬಂದರೆ, ಹೊಲಿಗೆ ಬಾಯ್ಬಿಟ್ಟರೆ ಅಂದೇ ತೋರಿಸಿ.

ತೆಗೆಸದಿರುವ ತೀರ್ಮಾನ

ಹೃದಯ ಸೋತ ನಾಯಿಗೆ, ಆಗಲೇ ಶ್ವಾಸಕೋಶಕ್ಕೆ ಹರಡಿದ ಕ್ಯಾನ್ಸರಿಗೆ ಕೊಯ್ಯಿಸದೆ ನೋವು ನೋಡಿಕೊಳ್ಳುವುದೂ ಚಿಕಿತ್ಸೆಯೇ. ಅದಕ್ಕೆ ಅಪರಾಧಿ ಭಾವ ಬೇಡ. ನಾಯಿಗೆಂದೇ ಇರುವ ನೋವಿನ ಔಷಧಿಯನ್ನು ವೈದ್ಯರು ತೂಕ ನೋಡಿ ಬರೆಯುತ್ತಾರೆ, ಮೂತ್ರಪಿಂಡದ ರಕ್ತ ಪರೀಕ್ಷೆಯನ್ನು ಆಗಾಗ ಮಾಡಿಸುತ್ತಿರಬೇಕು. ಒಡೆದ ಗಡ್ಡೆಯನ್ನು ದಿನಕ್ಕೆರಡು ಸಲ ಉಪ್ಪುನೀರಿನಲ್ಲಿ ತೊಳೆದು, ಅಂಟದ ಪ್ಯಾಡ್ ಇಟ್ಟು, ಸಡಿಲ ಹತ್ತಿ ಅಂಗಿ ತೊಡಿಸಿ ನೊಣದಿಂದ ಕಾಪಾಡಿ. ನಾತ ಹೆಚ್ಚಿದರೆ ವೈದ್ಯರಿಗೆ ಹೇಳಿ, ಅದಕ್ಕೂ ಔಷಧಿಯಿದೆ.

ಪ್ರತಿ ದಿನ ನಾಲ್ಕು ವಿಷಯ ಬರೆದಿಡಿ: ಉಂಡಿತೇ, ತಾನೇ ಎದ್ದು ಹೊರಗೆ ಹೋಯಿತೇ, ರಾತ್ರಿ ನಿದ್ದೆ ಮಾಡಿತೇ, ನಿಮ್ಮನ್ನು ಕಂಡಾಗ ಬಾಲ ಆಡಿಸಿತೇ. ಎರಡು ವಾರಕ್ಕೊಮ್ಮೆ ಗಡ್ಡೆಯ ಅಳತೆ. ಮಲಗಿ ನಿದ್ದೆ ಮಾಡುವಾಗ ಉಸಿರು ನಿಮಿಷಕ್ಕೆ 30 ದಾಟುತ್ತಿದ್ದರೆ, ಅಥವಾ ಒಂದು ವಾರದಲ್ಲಿ "ಇಲ್ಲ" ಎಂದು ಬರೆದದ್ದೇ ಹೆಚ್ಚಾಗಿದ್ದರೆ ಆ ಪುಸ್ತಕವನ್ನೇ ಹಿಡಿದು ವೈದ್ಯರ ಬಳಿ ಹೋಗಿ. ಔಷಧಿ ಹೆಚ್ಚಿಸಬೇಕೇ, ಇಲ್ಲಿಗೆ ಅದರ ಸಂಕಟ ಮುಗಿಸಬೇಕೇ ಎಂದು ನೇರವಾಗಿ ಕೇಳಿ. ನಾಯಿ ನೋವನ್ನು ಬಚ್ಚಿಟ್ಟುಕೊಳ್ಳುವುದರಿಂದ ಅಳುವವರೆಗೆ ಕಾಯುವುದು ತಡವಾದಂತೆಯೇ.